ಇಕ್ಬಾಲ್‌ನ ಕಥೆಯಿಂದ ಬಾಲಕಾರ್ಮಿಕತೆಯ ಪಾಠ

ದಸರಾ ಕಳೆಯುವ ಹೊತ್ತಿಗೆ ಕಲಬುರಗಿ ಜಿಲ್ಲೆಯ ಜೇವರ್ಗಿಯ ಹೊಲಗಳಲ್ಲಿ ಹತ್ತಿ ಬಿಡಿಸುವ ಕೆಲಸ, ಅಫಜಲಪುರದ ಭೀಮಾ ದಂಡೆಯಲ್ಲಿ ಕಬ್ಬು ಕಡಿಯುವ ತಯಾರಿ ಶುರುವಾಗುತ್ತದೆ. ಆಳಂದದ ತಾಂಡಾಗಳಿಂದ ಕುಟುಂಬಗಳು ಮುಂಬೈ, ಪುಣೆಗೆ ಗುಳೆ ಹೊರಡುತ್ತವೆ. ತರಗತಿಯಲ್ಲಿ ಗೈರುಹಾಜರಿ ಹೆಚ್ಚುವುದೂ ಆಗಲೇ. ಹಾಗಾಗಿ ಬಾಲಕಾರ್ಮಿಕತೆಯ ಪಾಠ ಬಾಲಕಾರ್ಮಿಕತೆ ವಿರೋಧಿ ದಿನವಾದ ಜೂನ್ 12ರ ಭಾಷಣಕ್ಕೇ ಮುಗಿಯಬಾರದು. ದಸರಾ ರಜೆಗೆ ಮೊದಲೇ ಮೂರು ಅವಧಿಗಳನ್ನು ಅದಕ್ಕೆ ಮೀಸಲಿಡಿ. ಅದಕ್ಕೆ ಚಿತ್ರ ಜೀವನಚರಿತ್ರೆ ಒಳ್ಳೆಯ ಸಾಧನ.

ಯಾವ ಪುಸ್ತಕ?

ಜೀನೆಟ್ ವಿಂಟರ್ ಅವರ 2014ರ ಚಿತ್ರಪುಸ್ತಕದಲ್ಲಿ ಒಂದು ಕಡೆಯಿಂದ ಮಲಾಲಾ ಕಥೆ, ತಿರುಗಿಸಿದರೆ ಇಕ್ಬಾಲ್ ಮಸೀಹ್‌ನ ಕಥೆ ಇದೆ. ಮಾತು ಕಡಿಮೆ, ಚಿತ್ರವೇ ಹೆಚ್ಚು. ಪುಸ್ತಕ ಇಂಗ್ಲಿಷಿನಲ್ಲಿದ್ದರೂ ಚಿತ್ರ ತೋರಿಸುತ್ತಾ ಕನ್ನಡದಲ್ಲಿ ಹೇಳಬಹುದು. ಪುಸ್ತಕ ಸಿಗದಿದ್ದರೆ ಸಾಲ, ಮಗ್ಗ, ಬಿಡುಗಡೆ, ಶಾಲೆ ಎಂಬ ನಾಲ್ಕು ಚಿತ್ರಗಳನ್ನು ನೀವೇ ಬರೆಯಿರಿ. ಪಾಕಿಸ್ತಾನದ ಇಕ್ಬಾಲ್ ಮನೆಯವರ ಸಾಲಕ್ಕಾಗಿ ನಾಲ್ಕನೇ ವಯಸ್ಸಿಗೇ ಜಮಖಾನೆ ಮಗ್ಗಕ್ಕೆ ಸೇರಿದವನು. ಹತ್ತರ ಸುಮಾರಿಗೆ ಬಿಡುಗಡೆಯಾಗಿ ಶಾಲೆ ಸೇರಿದ, ಇತರ ಮಕ್ಕಳ ಬಿಡುಗಡೆಗೆ ದನಿ ಎತ್ತಿದ. 1995ರಲ್ಲಿ ಅವನ ಕೊಲೆಯಾಯಿತು. ನಾಲ್ಕು-ಐದನೇ ತರಗತಿಗೆ ಈ ಕೊನೆಯನ್ನು ವಿವರಿಸದೆ ಒಂದೇ ವಾಕ್ಯದಲ್ಲಿ ಹೇಳಿದರೆ ಸಾಕು.

ಮೊದಲ ಅವಧಿ: ಚಿತ್ರ ಓದುವುದು

ಪಠ್ಯ ಮುಚ್ಚಿ ಚಿತ್ರ ಮಾತ್ರ ತೋರಿಸಿ. ‘ಇವನ ಕೈ ಏನು ಮಾಡುತ್ತಿದೆ? ಈ ಕೂಲಿ ಯಾರಿಗೆ ಹೋಗುತ್ತದೆ?’ ಎಂದು ಕೇಳಿ. ‘ನಿಮ್ಮಲ್ಲಿ ಯಾರು ಕೂಲಿಗೆ ಹೋಗುತ್ತೀರಿ?’ ಎಂದು ಮಾತ್ರ ಕೇಳಬೇಡಿ. ಮಕ್ಕಳು ಇಕ್ಬಾಲ್‌ನ ನೆಪದಲ್ಲಿ ತಮ್ಮ ಅನುಭವವನ್ನು ತಾವಾಗಿಯೇ ಹೇಳುತ್ತಾರೆ. ಕೈ ಎತ್ತಿಸಿದರೆ ನಾಚಿ ಸುಮ್ಮನಾಗುತ್ತಾರೆ.

ಎರಡನೇ ಅವಧಿ: ಸಾಲ ಮತ್ತು ಕಾನೂನು

ಅಪ್ಪ-ಅವ್ವನನ್ನು ತಪ್ಪಿತಸ್ಥರನ್ನಾಗಿಸದೆ ಮುಂಗಡ ಹಣದ ಲೆಕ್ಕ ಹಾಕಿಸಿ. ಇಂತಿಷ್ಟು ಮುಂಗಡ, ದಿನದ ಕೂಲಿಯಲ್ಲಿ ಇಂತಿಷ್ಟು ಮುರಿದುಕೊಂಡರೆ ತೀರಲು ಎಷ್ಟು ದಿನ? ಜೀತ ನಮ್ಮಲ್ಲಿ 1976ರ ಕಾಯ್ದೆಯಿಂದ ರದ್ದಾಗಿದೆ. 2016ರ ತಿದ್ದುಪಡಿಯ ಪ್ರಕಾರ 14 ವರ್ಷದೊಳಗಿನವರನ್ನು ದುಡಿಸಿಕೊಳ್ಳುವಂತಿಲ್ಲ. 14ರಿಂದ 18ರವರೆಗೆ ಅಪಾಯಕಾರಿ ಕೆಲಸ ನಿಷಿದ್ಧ. ದುಡಿಸಿಕೊಂಡ ಮಾಲೀಕನಿಗೆ ಆರು ತಿಂಗಳಿಂದ ಎರಡು ವರ್ಷದವರೆಗೆ ಸೆರೆ, ಇಲ್ಲವೇ 20 ಸಾವಿರದಿಂದ 50 ಸಾವಿರ ರೂಪಾಯಿ ದಂಡ, ಇಲ್ಲವೇ ಎರಡೂ. ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ, ಅಪಾಯವಿಲ್ಲದ ಮನೆಗೆಲಸ, ಸ್ವಂತ ಹೊಲದ ಕೆಲಸಕ್ಕೆ ನೆರವಾಗುವುದಕ್ಕೆ ಅಡ್ಡಿಯಿಲ್ಲ. ಈ ವ್ಯತ್ಯಾಸ ಸ್ಪಷ್ಟವಾಗದಿದ್ದರೆ ಅವ್ವನ ಜೊತೆ ಬುಟ್ಟಿ ಹೊತ್ತ ಮಗುವೂ ತಾನೇ ತಪ್ಪು ಮಾಡಿದೆನೆಂದು ಹೆದರುತ್ತದೆ.

ಮೂರನೇ ಅವಧಿ: ನಮ್ಮೂರಿನ ಪುಸ್ತಕ

ಡ್ರಾಯಿಂಗ್ ಹಾಳೆಯನ್ನು ಮಡಚಿ ಎಂಟು ಪುಟದ ಕಿರುಪುಸ್ತಕ ಮಾಡಿಸಿ. ಚಿಕ್ಕಂದಿನಲ್ಲಿ ಶಾಲೆ ಬಿಟ್ಟು ದುಡಿದ ಊರಿನ ಅಜ್ಜಿಯನ್ನೋ ಕಾಕಾನನ್ನೋ ಮಕ್ಕಳು ಮಾತನಾಡಿಸಿ, ಒಪ್ಪಿಗೆ ಪಡೆದು, ಹೆಸರು ಬದಲಿಸಿ ಚಿತ್ರ ಬರೆಯಲಿ. ಎಷ್ಟನೇ ವಯಸ್ಸಿಗೆ ಕೆಲಸ? ಎಷ್ಟು ಕೂಲಿ? ಶಾಲೆ ಬಿಟ್ಟದ್ದೇಕೆ? ಈ ಮೂರು ಪ್ರಶ್ನೆ ಸಾಕು. ಪುಸ್ತಕಗಳನ್ನು ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರದಲ್ಲಿಡಿ, ಮಕ್ಕಳ ಗ್ರಾಮಸಭೆಯಲ್ಲಿ ಓದಿಸಿ. ಗುಳೆ ಹೋಗುವವರ ಮಕ್ಕಳಿಗೆ ಊರಲ್ಲೇ ವಸತಿ ವ್ಯವಸ್ಥೆ ಬೇಕೆಂಬ ಬೇಡಿಕೆಯನ್ನು ಅಲ್ಲಿಯೇ ಮಕ್ಕಳು ಇಡಬಹುದು.

ಪಾಠದ ನಡುವೆ ಯಾವುದಾದರೂ ಮಗು ದುಡಿಮೆಯ ಮಾತು ಆಡಿದರೆ ತರಗತಿಯಲ್ಲೇ ಕೆದಕಬೇಡಿ. ಆಮೇಲೆ ಆ ಮಗುವನ್ನು ಪ್ರತ್ಯೇಕವಾಗಿ ಕೇಳಿ, ಮುಖ್ಯ ಶಿಕ್ಷಕರಿಗೆ ತಿಳಿಸಿ, ಅಗತ್ಯವಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಈ ಸಂಖ್ಯೆಯನ್ನು ಪ್ರತಿ ಕಿರುಪುಸ್ತಕದ ಹಿಂಬದಿಯಲ್ಲೂ ಬರೆಸಿ.