ಕಾಲೆಟ್ ಮೊದಲು ನಟ್ಟಿಗೆ, ಆಮೇಲೆ ಚಕ್ಕಿಗೆ

ಮನೆಯ ಶೆಡ್ಡಿನಲ್ಲಿ ಪುಟ್ಟ ಮಿಲ್ಲಿಂಗ್ ಮಷೀನ್ ಇಟ್ಟುಕೊಂಡಿರುವ ದಾವಣಗೆರೆಯ ಓದುಗರೊಬ್ಬರ ಪ್ರಶ್ನೆ: "ಡ್ರಿಲ್ ಚಕ್ ಹೇಗೂ ಇದೆ. ಎಂಡ್‌ಮಿಲ್ಲನ್ನು ಅದರಲ್ಲೇ ಹಿಡಿಸಿದರೆ ಆಗದೇ? ಕಾಲೆಟ್ಟಿಗೆ ಬೇರೆ ದುಡ್ಡು ಸುರಿಯಬೇಕೇ?"

ಸುರಿಯಲೇಬೇಕು ಸ್ವಾಮಿ. ತೂತು ಕೊರೆಯುವಾಗ ಒತ್ತಡ ಮೇಲ್ಮುಖವಾಗಿರುತ್ತದೆ, ಚಕ್ಕನ್ನು ಟೇಪರಿನೊಳಕ್ಕೆ ಇನ್ನಷ್ಟು ಬಿಗಿಯುತ್ತದೆ. ಎಂಡ್‌ಮಿಲ್ಲಿನ ಕಥೆಯೇ ಬೇರೆ. ಅದಕ್ಕೆ ಪಕ್ಕದಿಂದ ಹೊಡೆತ. ಸಾಲದ್ದಕ್ಕೆ, ಚೂರನ್ನು ಮೇಲಕ್ಕೆತ್ತುವ ಅದರ ಸುರುಳಿ ಹಲ್ಲುಗಳು ಕಟರನ್ನು ಕೆಳಕ್ಕೆ ಎಳೆಯುತ್ತವೆ. ಕಂಪನವೂ ಸೇರಿದರೆ ತಿರುಗುತ್ತಿರುವ ಚಕ್ಕೇ ಟೇಪರಿನಿಂದ ಕಳಚಿ ಬೀಳಬಹುದು. ಅದು ಎತ್ತ ಹಾರುತ್ತದೋ ಹೇಳುವವರಿಲ್ಲ.

ಕಾಲೆಟ್ ಎಂದರೆ ಕಟರನ್ನು ಸುತ್ತಲಿಂದ ಬಿಗಿಹಿಡಿಯುವ, ಸೀಳುಗಳಿರುವ ಕೊಳವೆ. ಮನೆ ಮಷೀನುಗಳಿಗೆ ನನ್ನ ಆಯ್ಕೆ ಇಆರ್ ಕಾಲೆಟ್. 1970ರ ದಶಕದ ಆರಂಭದಲ್ಲಿ ಸ್ವಿಟ್ಜರ್ಲೆಂಡಿನ ರೆಗೋ-ಫಿಕ್ಸ್ ಕಂಪನಿ ರೂಪಿಸಿದ ಇದು ಈಗ ಜಗತ್ತಿನೆಲ್ಲೆಡೆ ಸಿಗುತ್ತದೆ. ಕೈಯಲ್ಲಿ ಹಿಡಿದು ನೋಡಿ: ಒಂದು ಸೀಳು ಮೇಲಿನಿಂದ ಬಂದಿದ್ದರೆ ಅದರ ಪಕ್ಕದ್ದು ಕೆಳಗಿನಿಂದ ಬಂದಿರುತ್ತದೆ. ಒಂದೇ ಕಡೆಯಿಂದ ಸೀಳಿದ ಕಾಲೆಟ್ ಬಿಗಿದಾಗ ಬಾಯಿ ಮಾತ್ರ ಮುಚ್ಚುತ್ತದೆ. ಇಆರ್ ಕಾಲೆಟ್ ಉದ್ದಕ್ಕೂ ಸಮವಾಗಿ ಕುಗ್ಗುತ್ತದೆ. ಹಾಗಾಗಿ 10 ಮಿ.ಮೀ. ಕಾಲೆಟ್ 9 ಮಿ.ಮೀ.ವರೆಗೂ ಹಿಡಿಯಬಲ್ಲದು. ಕಾಲಿಂಚಿನ, ಅಂದರೆ 6.35 ಮಿ.ಮೀ. ಕಟರಿಗೆ 7ರ ಕಾಲೆಟ್ ಸಾಕು. 6ರದ್ದನ್ನು ಅಗಲಿಸಿ ತುರುಕಬೇಡಿ, ಅದು ಹಾಳಾದಂತೆಯೇ.

ನಾನು ಕಂಡ ವರ್ಕ್‌ಶಾಪುಗಳಲ್ಲಿ ಹೆಚ್ಚಿನವರು ತಪ್ಪುವುದು ಜೋಡಣೆಯಲ್ಲಿ. ಕಾಲೆಟ್ಟನ್ನು ಅದರದೇ ಚಕ್ಕಿನೊಳಗೆ ಇಳಿಬಿಟ್ಟು ಮೇಲಿಂದ ನಟ್ ತಿರುಗಿಸುತ್ತಾರೆ. ನಟ್ಟಿನೊಳಗೆ ಬೆರಳಾಡಿಸಿ ನೋಡಿ, ಒಂದು ಉಂಗುರವಿದೆ; ಅದು ಬೇಕೆಂದೇ ಕೇಂದ್ರದಿಂದ ತುಸು ಸರಿದಿದೆ. ಕಾಲೆಟ್ಟನ್ನು ಓರೆಯಾಗಿ ಹಿಡಿದು ಒತ್ತಿದರೆ 'ಟಕ್' ಎಂದು ಅದರ ತೋಡಿನಲ್ಲಿ ಉಂಗುರ ಕೂರುತ್ತದೆ. ಕಟರ್ ಹಾಕುವುದು ಆಮೇಲೆ. ನಟ್ ಸಡಿಲಿಸುವಾಗ ಟೇಪರಿಗೆ ಕಚ್ಚಿಕೊಂಡ ಕಾಲೆಟ್ಟನ್ನು ಹೊರಗೆಳೆಯುವುದು ಇದೇ ಉಂಗುರ. ಈ 'ಟಕ್' ಕೇಳದೆ ಬಿಗಿದರೆ ಉಂಗುರ ಒಂದೇ ಬದಿಗೆ ಒತ್ತಿ ಕಾಲೆಟ್ ಸೊಟ್ಟಗೆ ಕೂರುತ್ತದೆ. ಆಮೇಲೆ ಎಲ್ಲರೂ ಬೈಯುವುದು ಕಟರನ್ನು!

ಸೊಟ್ಟಗಾದರೆ ಏನಂತೆ ಎನ್ನುವವರಿಗೆ ಒಂದು ಲೆಕ್ಕ. ಎರಡು ಹಲ್ಲಿನ ಕಟರು, ಹಲ್ಲಿಗೆ 0.02 ಮಿ.ಮೀ. ಫೀಡ್. ಡಯಲ್ ಇಂಡಿಕೇಟರ್ ಇಟ್ಟು ತಿರುಗಿಸಿದಾಗ ಮುಳ್ಳು ಒಟ್ಟು 0.02 ಮಿ.ಮೀ. ಆಡಿತು, ಆ ಓರೆ ಹಲ್ಲುಗಳ ನೇರಕ್ಕೇ ಬಿತ್ತು ಎನ್ನೋಣ. ಆಗ ಒಂದು ಹಲ್ಲು 0.04 ಕತ್ತರಿಸುತ್ತದೆ, ಇನ್ನೊಂದು ಲೋಹವನ್ನು ಬರಿದೇ ಸವರಿಕೊಂಡು ಹೋಗುತ್ತದೆ. ಜೋಡೆತ್ತಿನ ಗಾಡಿಯನ್ನು ಒಂದೇ ಎತ್ತು ಎಳೆದ ಹಾಗೆ. ಕೂದಲೆಳೆಗಿಂತ ಸಣ್ಣ ಈ ಓರೆ ಕಟರಿನ ಆಯುಷ್ಯ ತಿನ್ನುತ್ತದೆ.

ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಜಗ್ಗಿದರೆ ಓರೆ ಸರಿಹೋಗುತ್ತದೆ ಎಂಬ ನಂಬಿಕೆಯೊಂದಿದೆ. ಮೂಢನಂಬಿಕೆಯೇ ಅದು. ಟೇಪರಿನಲ್ಲಿ ಸಿಕ್ಕಿದ ಒಂದು ಚೂರನ್ನು ಯಾವ ಬಲವೂ ತೆಗೆಯಲಾರದು, ಬಟ್ಟೆಯಲ್ಲಿ ಒರೆಸಿ ತೆಗೆಯಬೇಕು. ಆಯುಧಪೂಜೆಗೆ ಮಷೀನಿಗೆ ಕುಂಕುಮ ಹಚ್ಚುವುದಕ್ಕೆ ನನ್ನ ತಕರಾರಿಲ್ಲ. ಕವಚದ ಮೇಲೆ ಹಚ್ಚಿ, ಟೇಪರಿನೊಳಗೆ ಬೀಳಿಸಬೇಡಿ.

ಸ್ಪಿಂಡಲ್ಲಿನ ಟೇಪರ್ ಆರ್8 ಮಾದರಿಯದಾಗಿದ್ದರೆ ಆರ್8 ಕಾಲೆಟ್ಟನ್ನೇ ನೇರವಾಗಿ ಹಾಕಬಹುದು. ಎತ್ತರ ಉಳಿಯುತ್ತದೆ, ಚಿಕ್ಕ ಮಷೀನಿನಲ್ಲಿ ಅದೂ ದೊಡ್ಡ ಲಾಭ. ಆದರೆ ಒಂದು ಅಳತೆಗೆ ಒಂದೇ ಕಾಲೆಟ್, ಬದಲಿಸುವಾಗಲೆಲ್ಲ ಅದನ್ನು ಮೇಲಿನಿಂದ ಬಿಗಿದಿಡುವ ಡ್ರಾಬಾರ್ ಬಿಚ್ಚಬೇಕು. ಇಆರ್20 ಚಕ್ 13 ಮಿ.ಮೀ.ವರೆಗೆ ಹಿಡಿಯುತ್ತದೆ, ಪುಟ್ಟ ಮಷೀನಿಗೆ ಅದಕ್ಕಿಂತ ದಪ್ಪ ಕಟರ್ ಹೇಗೂ ಭಾರ. ದೊಡ್ಡ ಸೆಟ್ಟಿನ ಡಬ್ಬಿಗೆ ಮರುಳಾಗಬೇಡಿ. ಒಳ್ಳೆಯ ಚಕ್ ಒಂದು, 6, 8, 10, 12ರ ಒಳ್ಳೆಯ ಕಾಲೆಟ್ ನಾಲ್ಕು ಕೊಳ್ಳಿ. ಉಳಿದ ದುಡ್ಡಿಗೆ ಡಯಲ್ ಇಂಡಿಕೇಟರ್ ತನ್ನಿ.