ಸಂಧಾನವೋ ತೀರ್ಪೋ?

ಹೊಸದುರ್ಗ ತಾಲ್ಲೂಕಿನ ಬಾಗೂರಿನಂತಹ ಗ್ರಾಮದಲ್ಲಿ ಅಣ್ಣತಮ್ಮಂದಿರ ನಡುವೆ ಬದುವಿನ ವ್ಯಾಜ್ಯವೆದ್ದರೆ ಹಿರಿಯರು ‘ಪಂಚಾಯ್ತಿ’ ಮಾಡುತ್ತಾರೆ. ರಾಜಿ ಮಾಡಿಸುವುದಕ್ಕೂ ತೀರ್ಪು ಕೊಡುವುದಕ್ಕೂ ಇದೊಂದೇ ಮಾತು. ಪರ್ಯಾಯ ವ್ಯಾಜ್ಯ ಪರಿಹಾರವನ್ನು ಆನ್‌ಲೈನ್ ಮೂಲಕ ಅಭ್ಯಸಿಸುವ ಸಭಾಪಾಲಕನು ಮೊದಲು ಬಿಡಿಸಿಕೊಳ್ಳಬೇಕಾದ ಗಂಟು ಇದು. 1996ರ ಆರ್ಬಿಟ್ರೇಷನ್ ಕಾಯ್ದೆಯಂತೆ ನೇಮಕಗೊಂಡವನು ತೀರ್ಪು ನೀಡುತ್ತಾನೆ. 2023ರ ಮೀಡಿಯೇಷನ್ ಕಾಯ್ದೆಯ ಸಂಧಾನಕಾರನಿಗೆ ಆ ಅಧಿಕಾರವಿಲ್ಲ. ನೆರೆಹೊರೆಯ ಶಾಂತಿಗೆ ಭಂಗ ತರಬಹುದಾದ ವ್ಯಾಜ್ಯಗಳಿಗಾಗಿ ಈ ಕಾಯ್ದೆಯು ಸಮುದಾಯ ಸಂಧಾನವನ್ನೂ ವಿಧಿಸಿದೆ: ಉಭಯರ ಪೂರ್ವಸಮ್ಮತಿ ಬೇಕು, ಸಂಧಾನಕಾರರು ಮೂವರು. ಅಲ್ಲಿನ ಒಪ್ಪಂದವು ನ್ಯಾಯಾಲಯದ ಡಿಕ್ರಿಯಂತೆ ಜಾರಿಯಾಗದು. ಒಪ್ಪಿದವರ ಮನಸ್ಸಾಕ್ಷಿಯೇ ಅದರ ಬಲ.

ಮತ್ತಾಯ 18:15–17ರ ಕ್ರಮವನ್ನು ಗಮನಿಸಿರಿ. ಮೊದಲು ಇಬ್ಬರೇ, ಬಳಿಕ ಒಬ್ಬಿಬ್ಬರು ಸಾಕ್ಷಿಗಳು, ಕಡೆಗೆ ಸಭೆ. ನಾವಾದರೋ ಬಹುಮಟ್ಟಿಗೆ ಸಭೆಯಿಂದಲೇ ಆರಂಭಿಸುತ್ತೇವೆ! ಪಾಲಕನು ತೀರ್ಪಿತ್ತರೆ ಸೋತವನು ಮುಂದಿನ ಭಾನುವಾರ ಕರ್ತನ ಮೇಜಿಗೆ ಬಾರದೆ ಹೋಗಬಹುದು.

ಕಾಯ್ದೆ, ಹಂತಗಳು, ಗೋಪ್ಯತೆಯ ನಿಯಮ ಇವನ್ನೆಲ್ಲ ಪರದೆಯ ಮುಂದೆ ಕುಳಿತು ಚೆನ್ನಾಗಿಯೇ ಕಲಿಯಬಹುದು. ಬೋಧಿಸಿ ರೂಢಿಯಾದ ನಾಲಿಗೆಯನ್ನು ತಡೆಯುವುದು ಮಾತ್ರ ಓದಿನಿಂದ ಬರುವುದಿಲ್ಲ. ಅದಕ್ಕೆ ಮೂವರು ಸಹಪಾಠಿಗಳು ವಿಡಿಯೊ ಕರೆಯಲ್ಲಿ ಸೇರಲಿ. ಒಬ್ಬನು ಅಣ್ಣ, ಒಬ್ಬನು ತಮ್ಮ. ಮೂರನೆಯವನು ಅರ್ಧ ತಾಸು ಪ್ರಶ್ನೆಗಳನ್ನಷ್ಟೇ ಕೇಳಲಿ, ಪರಿಹಾರವನ್ನು ತಾನಾಗಿ ಸೂಚಿಸದಿರಲಿ.