ಮಾರುವ ಮುನ್ನ ಕೇಳಿಸುವ ಅಂಗಡಿ

ಸ್ಕಾಟ್ಲೆಂಡಿನ ಗ್ಲಾಸ್ಗೊದಲ್ಲಿ ಐವರ್ ಟೀಫೆನ್‌ಬ್ರುನ್ ಕಟ್ಟಿದ ಲಿನ್ ಕಂಪನಿ 1973ರಲ್ಲಿ ಸಾಂಡೆಕ್ ಎಲ್‌ಪಿ12 ಎಂಬ ಟರ್ನ್‌ಟೇಬಲನ್ನು ಮಾರುಕಟ್ಟೆಗೆ ತಂದಿತು. ಒಳ್ಳೆಯ ಧ್ವನಿ ಬೇಕಾದರೆ ದುಬಾರಿ ಸ್ಪೀಕರ್ ಕೊಂಡರಾಯಿತು ಎಂಬ ನಂಬಿಕೆ ಆಗ ಬಲವಾಗಿತ್ತು. ರೆಕಾರ್ಡಿನ ಗೀರಿನಿಂದ ಸೂಜಿ ಎತ್ತಿಕೊಳ್ಳದೆ ಬಿಟ್ಟದ್ದನ್ನು ಮುಂದೆ ಯಾವ ಸ್ಪೀಕರೂ ಹುಟ್ಟಿಸಲಾರದು ಎಂಬುದು ಟೀಫೆನ್‌ಬ್ರುನ್ ಅವರ ವಾದ. ಇಂಥ ವಾದವನ್ನು ಜಾಹೀರಾತಿನಲ್ಲಿ ಸಾಧಿಸಲಾಗದು, ಕಿವಿಗೇ ಮುಟ್ಟಿಸಬೇಕು. ಹಾಗಾಗಿ ಲಿನ್ ತನ್ನ ಡೀಲರುಗಳಿಗೆ ಒಂದು ಶಿಸ್ತು ಹೇಳಿಕೊಟ್ಟಿತು: ಕೇಳಿಸುವ ಕೋಣೆಯಲ್ಲಿ ಒಂದೇ ಜೋಡಿ ಸ್ಪೀಕರ್ ಇರಬೇಕು.

ಗೋಡೆಯುದ್ದಕ್ಕೂ ಸ್ಪೀಕರುಗಳನ್ನು ಪೇರಿಸಿಟ್ಟರೆ ಒಂದು ಹಾಡುವಾಗ ಉಳಿದವುಗಳ ಕೋನುಗಳೂ ಸಿತಾರಿನ ತರಪ್ ತಂತಿಗಳ ಹಾಗೆ ತಾವಾಗಿ ಅದುರಿ ನಾದವನ್ನು ಕಲಕುತ್ತವೆ ಎಂದು ಲಿನ್ ಹೇಳುತ್ತಿತ್ತು. ಈ ಪರಿಣಾಮ ಎಷ್ಟು ದೊಡ್ಡದೆಂಬ ಚರ್ಚೆ ಏನೇ ಇರಲಿ, ಆ ನಿಯಮದಿಂದ ಗಿರಾಕಿಗೆ ದೊಡ್ಡ ಲಾಭವಾಯಿತು. ಸ್ವಿಚ್ ಒತ್ತಿ ಹತ್ತು ಸ್ಪೀಕರುಗಳನ್ನು ಅರೆಗಳಿಗೆ ಕೇಳಿಸಿ ಕಳಿಸುವ ಶೋರೂಮಿನ ಬದಲು, ಸೋಫಾದಲ್ಲಿ ಕುಳಿತು ಇಡೀ ಹಾಡು ಕೇಳುವ ಕೋಣೆ ಸಿಕ್ಕಿತು.

ಇನ್ನು ಕೈಕೆಲಸದ ಮಾತು. ಎಲ್‌ಪಿ12ರಲ್ಲಿ ರೆಕಾರ್ಡ್ ತಿರುಗಿಸುವ ತಟ್ಟೆ, ಸೂಜಿ ಹಿಡಿದ ತೋಳು ಎರಡೂ ಒಳಚೌಕಟ್ಟಿನ ಮೇಲೆ ಕುಳಿತಿರುತ್ತವೆ. ಆ ಚೌಕಟ್ಟು ಮೂರು ಸ್ಪ್ರಿಂಗುಗಳಲ್ಲಿ ತೂಗುತ್ತದೆ. ಅಂಗಡಿಯ ಕುಶಲಕರ್ಮಿ ಅದನ್ನು ಸ್ಟ್ಯಾಂಡಿಗೇರಿಸಿ, ಅಡಿಯಿಂದ ನಟ್ಟುಗಳನ್ನು ಒಂದಿಷ್ಟಿಷ್ಟೇ ತಿರುಗಿಸುತ್ತ, ತಟ್ಟೆಯನ್ನು ಬೆರಳಿನಿಂದ ಮೆತ್ತಗೆ ಒತ್ತಿ ಬಿಡುತ್ತಾನೆ. ಅದು ನೆಟ್ಟಗೆ ಮೇಲೆ ಕೆಳಗೆ ಪುಟಿಯಬೇಕು. ಪಕ್ಕಕ್ಕೆ ಓಲಾಡಿದರೆ ಮತ್ತೆ ನಟ್ಟು, ಮತ್ತೆ ಬೆರಳು. ಆಮೇಲೆ ಗೆರೆ ಹಾಕಿದ ಕಾರ್ಡಿನ ಮೇಲೆ ಸೂಜಿಯಿಳಿಸಿ ಕಾರ್ಟ್ರಿಡ್ಜಿನ ಕೋನ ಹೊಂದಿಸಬೇಕು. ಸೂಜಿ ಊರುವ ಭಾರ ಸಾಮಾನ್ಯವಾಗಿ 2 ಗ್ರಾಂ ಆಸುಪಾಸು. ಅದನ್ನೂ ಪುಟ್ಟ ತಕ್ಕಡಿಯಲ್ಲಿ ತೂಗಬೇಕು. ಈ ಕೆಲಸ ಬಲ್ಲವರು ಅಂಗಡಿಗಳಲ್ಲಿ ಇರುವುದರಿಂದಲೇ 70ರ ದಶಕದ ಎಲ್‌ಪಿ12ಗಳು ಹೊಸ ಬಿಡಿಭಾಗ ಹಾಕಿಸಿಕೊಂಡು ಇಂದಿಗೂ ಹಾಡುತ್ತಿವೆ.

ಕುಶಲತೆಯಷ್ಟೇ ಮುಖ್ಯವಾದದ್ದು ಪ್ರಾಮಾಣಿಕತೆ. ಸದ್ದು ಕಡಿಮೆಯಾದಾಗ ಕಿವಿಗೆ ತಗ್ಗಿನ ಸ್ವರಗಳು ಹೆಚ್ಚು ಸೊರಗಿದಂತೆ ಕೇಳಿಸುತ್ತವೆ ಎಂದು ಫ್ಲೆಚರ್ ಮತ್ತು ಮನ್ಸನ್ ಎಂಬ ಸಂಶೋಧಕರು 1933ರಲ್ಲೇ ತೋರಿಸಿದ್ದರು. ಎರಡು ಆಂಪ್ಲಿಫೈಯರುಗಳಲ್ಲಿ ಒಂದರ ಸದ್ದು ಒಂದು ಡೆಸಿಬೆಲ್‌ನಷ್ಟು ಏರಿದ್ದರೂ ಸಾಕು, ಅದು ಜೋರಾಗಿದೆ ಎನಿಸುವ ಬದಲು ತುಂಬಿಕೊಂಡಂತೆ, ಸ್ಫುಟವಾದಂತೆ ಕೇಳಿಸುತ್ತದೆ. ಮಾರಬೇಕಾದ್ದನ್ನು ಗೆಲ್ಲಿಸಲು ಇಷ್ಟು ಸಾಕಾದ್ದರಿಂದಲೇ ಒಳ್ಳೆಯ ಅಂಗಡಿಯವರು ಸ್ಪೀಕರಿನ ಟರ್ಮಿನಲ್‌ಗೆ ಮೀಟರ್ ಹಚ್ಚಿ, ಎರಡರ ವೋಲ್ಟೇಜನ್ನೂ ಸಮ ಮಾಡಿಯೇ ಹೋಲಿಕೆಗೆ ಕೂರಿಸುತ್ತಾರೆ.

ಫಿಲ್ಹಾರ್ಮೋನಿಯ ಆರ್ಕೆಸ್ಟ್ರಾ ಕಟ್ಟಿದ ವಾಲ್ಟರ್ ಲೆಗ್ 1949ರಲ್ಲಿ ಮೈಸೂರಿಗೆ ಬಂದಾಗ ಜಯಚಾಮರಾಜ ಒಡೆಯರ ಅರಮನೆಯಲ್ಲಿ ಅಪಾರ ರೆಕಾರ್ಡ್ ಸಂಗ್ರಹವನ್ನೂ ಬಗೆಬಗೆಯ ಸ್ಪೀಕರುಗಳನ್ನೂ ಕಂಡಿದ್ದರು. ಹೋಲಿಸಿ ಕೇಳುವ ಅನುಕೂಲ ಅರಸರಿಗೆ ಮನೆಯಲ್ಲೇ ಇತ್ತು. ಸಂಬಳದಲ್ಲಿ ಉಳಿಸಿ ಕೊಳ್ಳುವ ಹವ್ಯಾಸಿಗೆ ಅದನ್ನು ಒದಗಿಸಬೇಕಾದದ್ದು ಅಂಗಡಿ. ಅದಕ್ಕೇ ಅಲ್ಲಿಗೆ ಹೋಗುವಾಗ ನಮ್ಮ ರೆಕಾರ್ಡನ್ನೇ ಒಯ್ಯಬೇಕು. ದೊರೆಸ್ವಾಮಿ ಅಯ್ಯಂಗಾರರ ವೀಣೆಯಲ್ಲಿ ಮೀಟಿನ ಮೊನೆ, ಮೃದಂಗದ ಎಡಭಾಗದ ಗುಮುಕು, ಗಾಯನದ ಹಿಂದೆ ಎಡೆಬಿಡದೆ ನಿಂತ ತಂಬೂರಿ: ಇವು ಹೇಗೆ ಕೇಳಿಸಬೇಕೆಂದು ನಮಗೆ ಗೊತ್ತಿರುತ್ತದೆ. ಅಂಗಡಿಯವರು ಆರಿಸಿಟ್ಟ ಮೆರುಗಿನ ಹಾಡಿನಲ್ಲಿ ಯಾವ ಯಂತ್ರವೂ ಚೆನ್ನಾಗಿಯೇ ಕೇಳಿಸೀತು.

ಆದರೂ ಕೊನೆಯ ತೀರ್ಪು ಮನೆಯಲ್ಲೇ ಆಗಬೇಕು. 1895ರ ಸುಮಾರಿಗೆ ಹಾರ್ವರ್ಡಿನ ವ್ಯಾಲೇಸ್ ಸಬೀನ್ ಮಾತು ಕಲಸಿಹೋಗುತ್ತಿದ್ದ ಉಪನ್ಯಾಸ ಕೊಠಡಿಗೆ ಕುರ್ಚಿಯ ಮೆತ್ತೆಗಳನ್ನು ಹೊತ್ತು ತಂದು, ಮೆತ್ತೆ ಹೆಚ್ಚಿದಂತೆ ಮಾರ್ದನಿ ಎಷ್ಟು ಬೇಗ ಅಡಗುತ್ತದೆಂದು ಅಳೆದರು. ನಮ್ಮ ಹಜಾರದ ಕತೆಯೂ ಅದೇ. 5 ಮೀಟರ್ ಉದ್ದದ ಕೋಣೆ 34 ಹರ್ಟ್ಸ್ ಸುಮಾರಿನ ಸ್ವರವನ್ನು ತಾನೇ ಉಬ್ಬಿಸುತ್ತದೆ. ಗ್ರಾನೈಟ್ ನೆಲ, ಬೋಳು ಗೋಡೆ ಮೇಲಿನ ಸ್ವರಗಳನ್ನು ಚೀರಿಸುತ್ತವೆ. ಇದನ್ನರಿತ ಬ್ರಿಟನ್ನಿನ ಅನೇಕ ಅಂಗಡಿಗಳು ಕೊಳ್ಳುವ ಮುನ್ನ ಯಂತ್ರವನ್ನು ಮನೆಗೇ ಕೊಟ್ಟು ಕಳಿಸುತ್ತವೆ.

ನಮ್ಮ ಊರುಗಳಲ್ಲಿ ಇಂಥ ಅಂಗಡಿಯನ್ನು ಗುರುತಿಸಲು ಒಂದು ಪ್ರಶ್ನೆ ಕೇಳಿ ನೋಡಬಹುದು: “ಮನೆಯಲ್ಲಿ ಬಾಸ್ ಗುಂಯ್ಗುಡುತ್ತಿದೆ, ಯಾವ ಆಂಪ್ಲಿಫೈಯರ್ ತಗೊಳ್ಳಲಿ?” ಬೆಲೆಪಟ್ಟಿ ತೆಗೆಯುವ ಬದಲು ಕೋಣೆಯ ಅಳತೆ ಕೇಳಿ, ಮೊದಲು ಸ್ಪೀಕರನ್ನು ಗೋಡೆಯಿಂದ ಎರಡಡಿ ಮುಂದೆಳೆದು ನೋಡಿ ಎನ್ನುವವರ ಬಳಿ ನಿಶ್ಚಿಂತೆಯಿಂದ ಹಣ ಕೊಡಬಹುದು.